ಯಂತ್ರಮಾನವ ಮತ್ತು ಬಿಟ್ಟಿ ಚಾಕರಿ

'ರೋಬೋಟ್' ಎಂಬ ಪದ ಹುಟ್ಟಿದ್ದು ಪ್ರಯೋಗಶಾಲೆಯಲ್ಲಲ್ಲ, ಕಲೆಯ ಅಂಗಳದಲ್ಲಿ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ 'ಆರ್.ಯು.ಆರ್.' ನಾಟಕಕ್ಕೆ ಆ ಪದವನ್ನು ಸೂಚಿಸಿದವನು ಅವನ ಅಣ್ಣ, ಚಿತ್ರಕಾರ ಯೋಸೆಫ್. ಚೆಕ್ ಭಾಷೆಯಲ್ಲಿ 'ರೊಬೊಟ' ಎಂದರೆ ಒಡೆಯನಿಗಾಗಿ ಒಕ್ಕಲು ಮಾಡಲೇಬೇಕಾಗಿದ್ದ ಬಿಟ್ಟಿ ಚಾಕರಿ. ಆದುದರಿಂದ ಆ ನಾಟಕದ ಮೂಲಪ್ರಶ್ನೆ ಯಂತ್ರದ್ದಲ್ಲ, ದುಡಿಯುವವನದು.

ನಮ್ಮ ಜನಪ್ರಿಯ ಸಿನಿಮಾದಲ್ಲಿ ಈ ಪ್ರಶ್ನೆ ಹಿಂದೆ ಸರಿದಿದೆ. ಉಪೇಂದ್ರ ನಟಿಸಿದ 'ಹಾಲಿವುಡ್' (2002), ರಜನೀಕಾಂತ್ ನಟಿಸಿದ ತಮಿಳಿನ 'ಎಂದಿರನ್' (2010) ಎರಡರಲ್ಲಿಯೂ ಯಂತ್ರಮಾನವ ನಾಯಕನ ರೂಪ ತಾಳಿ ಪ್ರೇಮಿಯಾಗುತ್ತಾನೆ. ಚಮತ್ಕಾರ ರಂಜಿಸುತ್ತದೆ, ಅಭಿನಯವೂ ಮೆಚ್ಚತಕ್ಕದ್ದೇ. ಆದರೆ 'ಎಂದಿರನ್'ನ ಚಿಟ್ಟಿಗೆ ಪ್ರೇಮವೆಂದರೆ ವಶಪಡಿಸಿಕೊಳ್ಳುವುದು. ಅವನು ನಾಯಕಿಯನ್ನು ಅಪಹರಿಸುತ್ತಾನೆ. ಚಾಪೆಕನ ನಾಟಕದ ಕೊನೆಯಲ್ಲಾದರೋ ಎರಡು ರೋಬೋಟ್‌ಗಳು ಒಂದಕ್ಕಾಗಿ ಇನ್ನೊಂದು ಪ್ರಾಣ ಕೊಡಲು ಮುಂದಾಗುತ್ತವೆ. ಅಳಿದುಳಿದ ಏಕೈಕ ಮನುಷ್ಯ ಅವುಗಳಲ್ಲಿ ಹೊಸ ಆದಾಮ ಮತ್ತು ಹವ್ವಳನ್ನು ಕಾಣುತ್ತಾನೆ. ಬಯಕೆಯಿಂದಲ್ಲ, ತ್ಯಾಗದಿಂದ ಅಲ್ಲಿ ಮನುಷ್ಯತ್ವ ಹುಟ್ಟುತ್ತದೆ.

ಈ ಮಾತು ನಮ್ಮ ಊರಿಗೆ ದೂರದ್ದಲ್ಲ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ತರುವಾಯ ಶ್ರೀಲಂಕೆಯಿಂದ ಬಂದ ತಮಿಳು ಕುಟುಂಬಗಳಿಗೆ ಪುತ್ತೂರು, ಸುಳ್ಯ ಪ್ರದೇಶದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ದುಡಿಮೆ ದೊರೆಯಿತು. ನಸುಕಿನಲ್ಲಿ ಎದ್ದು ರಬ್ಬರ್ ಮರದ ಹಾಲು ಇಳಿಸುವ ಆ ಕೈಗಳ ಕಥೆ ಎಷ್ಟು ಸಿನಿಮಾಗಳಲ್ಲಿ ಬಂದಿದೆ? ಯಂತ್ರಕ್ಕೆ ಹೃದಯವಿದ್ದರೆ ಹೇಗೆಂದು ಕಲ್ಪಿಸುವ ಕಲೆ, ಹೃದಯವಿರುವವರನ್ನು ನಾವು ಯಂತ್ರದಂತೆ ಬಳಸುವುದನ್ನೂ ತೋರಿಸಲಿ. ಆಗ 'ರೋಬೋಟ್' ಎಂಬ ಪದದ ಮೊದಲ ಅರ್ಥ ನಮಗೆ ತಿಳಿದೀತು.