ಇಸವಿಯ ಕೆಳಗಿನ ಗುರುತು

ಹಳೆಯ ನಾಣ್ಯಗಳನ್ನು ಕೂಡಿಡುವವರು ಇಸವಿಯ ಕೆಳಗೆ ಸಾಸಿವೆಗಿಂತ ಸಣ್ಣದಾದ ಗುರುತೊಂದನ್ನು ಭೂತಗನ್ನಡಿಯಲ್ಲಿ ಹುಡುಕಿ, ಅದೊಂದರಿಂದಲೇ ನಾಣ್ಯದ ಹುಟ್ಟೂರನ್ನೂ ಬೆಲೆಯನ್ನೂ ನಿಶ್ಚಯಿಸಿಬಿಡುವ ಪದ್ಧತಿ ಈಗ ಬಹುವಾಗಿ ರೂಢಿಗೆ ಬಂದಿದೆ. ಈ ವಿದ್ಯೆಯಲ್ಲಿ ನನಗೆ ಅಪಾರವಾದ ಪ್ರೀತಿಯುಂಟು. ಆ ಪ್ರೀತಿಯಿಂದಲೇ ಅದರ ಅವಸರವನ್ನು ಆಕ್ಷೇಪಿಸುತ್ತೇನೆ.

ಇದರಲ್ಲಿ ಎಲ್ಲಕ್ಕಿಂತ ಕಠಿಣವಾದುದು ಗುರುತಿನ ಅಭಾವವನ್ನು ಓದುವುದು. ಸ್ವತಂತ್ರ ಭಾರತದ ನಾಣ್ಯಗಳಲ್ಲಿ ಮುಂಬಯಿಯ ಟಂಕಸಾಲೆ ವಜ್ರಾಕೃತಿಯನ್ನೂ, ಹೈದರಾಬಾದಿನದು ಮೊದಮೊದಲು ಸೀಳಿದ ವಜ್ರವೇ ಮೊದಲಾದ ಚಿಹ್ನೆಗಳನ್ನಿಟ್ಟು ಅನಂತರ ನಕ್ಷತ್ರವನ್ನೂ, 1988ರಲ್ಲಿ ಆರಂಭವಾದ ನೋಯ್ಡಾದ್ದು ದುಂಡು ಚುಕ್ಕೆಯನ್ನೂ ಇರಿಸಿಕೊಂಡಿರುವಾಗ, ಕಲ್ಕತ್ತೆಯದು ಏನನ್ನೂ ಇರಿಸಿಕೊಳ್ಳದೆ ಆ ಬರಿದಾದ ಜಾಗವನ್ನೇ ತನ್ನ ಲಾಂಛನ ಮಾಡಿಕೊಂಡಿತು. ಆದುದರಿಂದ ಕೈಯಿಂದ ಕೈಗೆ ಓಡಾಡಿ ನಕ್ಷತ್ರ ಅಳಿಸಿಹೋದ ಹೈದರಾಬಾದಿನ ನಾಣ್ಯ ಅವಸರದ ಕಣ್ಣಿಗೆ ಕಲ್ಕತ್ತೆಯದಾಗುತ್ತದೆ. ಮೂಲೆಗಳು ಸವೆದು ದುಂಡಗಾದ ಮುಂಬಯಿಯ ವಜ್ರ ನೋಯ್ಡಾದ ಚುಕ್ಕೆಯಾಗುತ್ತದೆ. 1970ರ ದಶಕದ ರೂಪಾಯಿಯೊಂದನ್ನು ಆಗಿನ್ನೂ ಹುಟ್ಟದಿದ್ದ ಟಂಕಸಾಲೆಗೆ ಕಟ್ಟಿಕೊಡುವುದು ಗುರುತನ್ನು ಕಂಡು ಇಸವಿಯನ್ನು ಕಾಣದವರ ಪ್ರಮಾದ. ಹಿಂದಿನ ಚಿನಿವಾರರು ತೂಕವನ್ನು ನೋಡಿ, ನಾದವನ್ನು ಕೇಳಿ, ಅಂಚಿನ ಗೆರೆಗಳನ್ನು ಬೆರಳಿನಿಂದ ಸವರಿದ ಮೇಲೆ ತೀರ್ಮಾನಕ್ಕೆ ಬರುತ್ತಿದ್ದರೆಂಬುದನ್ನು ಮರೆಯಲಾಗದು.

ಈ ಎಚ್ಚರ ಇನ್ನೂ ಹಳೆಯ ನಾಣ್ಯಗಳಿಗೂ ಬೇಕು. ಬಂಗಾರಪೇಟೆಯ ಬಳಿಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ನಾಣ್ಯಗಳನ್ನೇ ನೋಡಿ. ಶಿವಪಾರ್ವತಿಯರ ರೂಪವನ್ನು ಹಾಗೆಯೇ ಉಳಿಸಿಕೊಂಡ ವರಹದ ಹಿಂಬದಿಯಲ್ಲಿ ಅವನು ತನ್ನ ಹೆಸರಿನ ಮೊದಲ ಅಕ್ಷರವೊಂದನ್ನು ಮಾತ್ರ ಕೆತ್ತಿಸಿದನು. ಮಗ ಟಿಪ್ಪುವಾದರೋ ಆನೆಯ ಚಿತ್ರವಿರುವ ತಾಮ್ರದ ಕಾಸುಗಳ ಮೇಲೆ ಪಟ್ಟಣ, ನಗರ, ಫೈಜ್ ಹಿಸಾರ್ ಎಂದು ಟಂಕಸಾಲೆಯ ಹೆಸರನ್ನೇ ಪೂರ್ತಿಯಾಗಿ ಬರೆಯಿಸಿದನು. ಹೆಸರೇ ಇದ್ದಮೇಲೆ ಸಂಶಯವೇಕೆಂದರೆ, ಅಚ್ಚು ಓರೆಯಾಗಿ ಬಿದ್ದ ಕಾಸಿನಲ್ಲಿ ಅರ್ಧ ಹೆಸರು ಬಿಲ್ಲೆಯಿಂದಾಚೆಗೆ ಉಳಿದುಹೋಗುತ್ತದೆ. ಟಿಪ್ಪು ಬಳಸಿದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕೆಂಬುದನ್ನು ಅರಿಯದವನಿಗೆ ಕಾಲವೂ ತಲೆಕೆಳಗಾಗುತ್ತದೆ. 1921ರಲ್ಲಿ ಪ್ರಕಟವಾದ ಹೆಂಡರ್‌ಸನ್ನನ ಗ್ರಂಥವು ಈ ತಂದೆಮಕ್ಕಳ ನಾಣ್ಯಗಳನ್ನೇ ವಿಷಯವಾಗಿರಿಸಿಕೊಂಡುದು. ಇವನ್ನು ಓದಹೊರಡುವವನು ಅದನ್ನು ಬಳಿಯಲ್ಲಿಟ್ಟುಕೊಳ್ಳತಕ್ಕದ್ದು.

ನನ್ನ ಮನಸ್ಸನ್ನು ಬಹುಕಾಲ ಹಿಡಿದು ನಿಲ್ಲಿಸಿರುವುದು 1918ರ ಸವರನ್ನು ಎಂಬ ಬ್ರಿಟಿಷ್ ಚಿನ್ನದ ನಾಣ್ಯ. ಲಂಡನ್ನಿನ ರಾಜಟಂಕಸಾಲೆಯ ಮುಂಬಯಿ ಶಾಖೆ ಆ ಒಂದೇ ಇಸವಿಯಲ್ಲಿ ಸುಮಾರು 13 ಲಕ್ಷ ಸವರನ್ನುಗಳನ್ನು ಅಚ್ಚೊತ್ತಿ, ಘಟಸರ್ಪವನ್ನು ಇರಿಯುತ್ತಿರುವ ಅಶ್ವಾರೋಹಿಯ ಕಾಲಡಿಯ ನೆಲಗೆರೆಯಲ್ಲಿ, ಇಸವಿಗೆ ನೇರ ಮೇಲೆ, ‘ಐ’ ಎಂಬ ಇಂಗ್ಲಿಷ್ ಅಕ್ಷರವನ್ನಿರಿಸಿತು. ಸಿಡ್ನಿಗೆ ‘ಎಸ್’, ಪರ್ತಿಗೆ ‘ಪಿ’ ಇದ್ದಂತೆ ಇಂಡಿಯಾಕ್ಕೆ ಇದು. ಬರಿಯ ಒಂದು ನೆಟ್ಟನೆಯ ಗೀಟಾದುದರಿಂದ ಗೀರನ್ನು ಅಕ್ಷರವೆಂದೂ, ಅಕ್ಷರವನ್ನು ಗೀರೆಂದೂ ಭ್ರಮಿಸುವುದು ಸುಲಭ. ಅದರ ತಲೆಯಲ್ಲೂ ಬುಡದಲ್ಲೂ ಇರುವ ಅಡ್ಡಗೆರೆಗಳನ್ನು ಕಾಣದೆ ಒಪ್ಪಬಾರದು. 7.988 ಗ್ರಾಮಿನ ತೂಕ ಸರಿಬಂದಿತೆಂದು ನಂಬುವುದೂ ಸಾಲದು, ಏಕೆಂದರೆ ಅಪ್ಪಟ ಚಿನ್ನದಲ್ಲೇ ಮಾಡಿದ ನಕಲಿ ಸವರನ್ನುಗಳೂ ಲೋಕದಲ್ಲಿ ಓಡಾಡಿವೆ.

ಬೌರಿಂಗ್‌ಪೇಟೆಯೆಂದು ಹೆಸರಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪದ ರೈಲು ಹಿಡಿದು, 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳ ಸಯನೈಡ್ ದಿಬ್ಬಗಳನ್ನು ನೋಡುತ್ತ ಹೋಗುವವನಿಗೆ, ಆ ‘ಐ’ ಅಕ್ಷರದ ಸವರನ್ನು ಅಲ್ಲಿಯ ಚಾಂಪಿಯನ್ ರೀಫ್ ಗಣಿಯ ಚಿನ್ನವೇ ಆಗಿರಲೆಂಬ ಆಸೆ ಹುಟ್ಟುವುದು ಸಹಜ; ನನ್ನಲ್ಲಿಯೂ ಹುಟ್ಟಿತು. ಆದರೆ ಮೂಸೆಯಲ್ಲಿ ಕರಗಿ, ಹನ್ನೊಂದು ಪಾಲು ಚಿನ್ನ ಒಂದು ಪಾಲು ತಾಮ್ರದೊಡನೆ ಬೆರೆತ ಮೇಲೆ ಲೋಹವು ತನ್ನ ಗಣಿಯನ್ನು ಹೇಳದು. ಅಚ್ಚು ಎಲ್ಲಿ ಬಿತ್ತೆಂಬುದಕ್ಕೆ ಮಾತ್ರ ಆ ಅಕ್ಷರ ಸಾಕ್ಷಿ. ಮೂರು ಸಾವಿರ ಮೀಟರಿಗೂ ಆಳಕ್ಕೆ ಇಳಿದು ಅದಿರನ್ನು ಒಡೆದವರ ಊರಿಗೆ ಯಾವ ಸವರನ್ನಿನ ಮೇಲೂ ಅಕ್ಷರವಿಲ್ಲ.