ಹಿಂದಿನ ಲಿಫ್ಟ್

ನೀವು ಮುಂಬಯಿ, ಪುಣೆ ಕಡೆಯ ಹೊಸ ಅಪಾರ್ಟ್‌ಮೆಂಟುಗಳಿಗೆ ಹೋಗಿದ್ದರೆ ಈ ಫಲಕ ನೋಡಿಯೇ ಇರುತ್ತೀರಿ: ಮನೆಗೆಲಸದವರು, ಡೆಲಿವರಿಯವರು ಹಿಂದಿನ ಲಿಫ್ಟ್ ಬಳಸತಕ್ಕದ್ದು. ನಾನಿರುವ ಕಟ್ಟಡದಲ್ಲೂ ಇದೆ. ಒಂದು ದಿನ ಹೆಗಲ ಮೇಲೆ ಅಕ್ಕಿ ಚೀಲ ಹೊತ್ತು ಬಂದ ನನಗೆ ಹೊಸ ವಾಚ್‌ಮನ್ ಹಿಂದಿನ ಬಾಗಿಲು ತೋರಿಸಿದ. ಸಿಟ್ಟು ಬಂತು. ‘ನಾನು ಇಲ್ಲೇ ಇರೋನಪ್ಪಾ’ ಅಂದೆ. ಮುಂದಿನ ಲಿಫ್ಟಿನ ಕನ್ನಡಿಯಲ್ಲಿ ಮುಖ ನೋಡಿಕೊಂಡಾಗ ನಾಚಿಕೆಯಾಯಿತು. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಆಪಾ ದಿನಾ ಆ ಹಿಂದಿನ ಬಾಗಿಲಿನಿಂದಲೇ ಬರುತ್ತಾರೆ. ಅವರ ಪರವಾಗಿ ನನಗೆ ಒಂದು ದಿನವೂ ಸಿಟ್ಟು ಬಂದಿರಲಿಲ್ಲ.

ಎರಡನೇ ಲಿಫ್ಟೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಸ್ಟ್ರೆಚರ್, ಬೀರು, ಸೋಫಾ ಸಾಗಿಸಲು ಎತ್ತರದ ಕಟ್ಟಡಕ್ಕೆ ಅದು ಬೇಕು. ಆದರೆ ಅದನ್ನು ಇಟ್ಟಿರುವ ಜಾಗ ನೋಡಿ. ಕಸದ ಡಬ್ಬಗಳ ಪಕ್ಕದಲ್ಲಿ ಅದರ ಬಾಗಿಲು. ಒಳಗೆ ಗೀರುಬಿದ್ದ ಪ್ಲೈವುಡ್. ಫ್ಯಾನ್ ಇಲ್ಲ, ಕನ್ನಡಿಯೂ ಇಲ್ಲ. ಸಾಮಾನಿಗೆ ಕನ್ನಡಿ ಯಾಕೆ ಅಂತ ನಕ್ಷೆ ಬರೆದವರು ಅಂದುಕೊಂಡಿರಬೇಕು. ಅದರಲ್ಲಿ ಮನುಷ್ಯರನ್ನು ಹತ್ತಿಸಿದ್ದು ಆಮೇಲೆ ಬಂದ ಫಲಕ.

ಇಂಥ ಏರ್ಪಾಡು ನಮಗೆ ಹೊಸದೇನಲ್ಲ. ಬ್ರಿಟಿಷರ ಕಾಲದ ರೈಲು ನಿಲ್ದಾಣಗಳಲ್ಲಿ ‘ಹಿಂದೂ ಪಾನಿ’, ‘ಮುಸ್ಲಿಂ ಪಾನಿ’ ಎಂದು ಕೂಗಿ ಬೇರೆಬೇರೆ ನೀರು ಕೊಡುತ್ತಿದ್ದರು. ಮದ್ರಾಸ್ ಪ್ರಾಂತ್ಯದ ರೈಲ್ವೆ ಉಪಾಹಾರ ಗೃಹಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗವಿತ್ತು. ಪೆರಿಯಾರರ ಚಳವಳಿಯ ನಂತರ 1941ರಲ್ಲಿ ಅದು ಹೋಯಿತು. 1957ರಲ್ಲಿ ಟ್ರಿಪ್ಲಿಕೇನಿನ ಮುರಳೀಸ್ ಕೆಫೆಯ ಬೋರ್ಡಿನಲ್ಲಿದ್ದ ‘ಬ್ರಾಹ್ಮಣ’ ಎಂಬ ಪದದ ವಿರುದ್ಧ ಅವರ ದ್ರಾವಿಡ ಕಳಗಂ ಪಿಕೆಟಿಂಗ್ ಮಾಡಿತು. ಅಲ್ಲಿ ಬೆರಳು ತೋರಿಸಲು ಒಂದು ಪದ ಇತ್ತು. ಲಿಫ್ಟಿನ ವಿಷಯ ಎತ್ತಿದರೆ ಮಾತ್ರ ‘ಅನುಕೂಲಕ್ಕೆ ಮಾಡಿದ್ದು’ ಅನ್ನುತ್ತಾರೆ. ಜಾತಿಯ ಮಾತಿಲ್ಲ, ಧರ್ಮದ ಮಾತಿಲ್ಲ. ಫಲಕ ಕಿತ್ತರೂ ಕಾಲು ಅಭ್ಯಾಸದಿಂದ ಅತ್ತಲೇ ಹೋಗುತ್ತದೆ. ನನಗೆ ಹೆದರಿಕೆ ಹುಟ್ಟಿಸುವುದು ಇದು.

‘ಹಳೇ ಚಾಳುಗಳೇ ಚೆನ್ನಾಗಿದ್ದವು’ ಅಂತ ನಿಟ್ಟುಸಿರು ಬಿಡುವವರಿದ್ದಾರೆ. ನಾನು ಆ ಗುಂಪಿನವನಲ್ಲ. 1920ರ ದಶಕದಲ್ಲಿ ಸರ್ಕಾರ ಕಟ್ಟಿಸಿದ ವರ್ಲಿ, ನಾಯಗಾಂವ್‌ನ ಬಿಡಿಡಿ ಚಾಳುಗಳಲ್ಲಿ ಒಂದು ಸಂಸಾರಕ್ಕೆ ಸಿಗುತ್ತಿದ್ದದ್ದು ಸುಮಾರು 160 ಚದರಡಿಯ ಒಂದೇ ಕೋಣೆ. ಶೌಚಾಲಯ ಇಡೀ ಮಹಡಿಗೆ ಸೇರಿದ್ದು. ಬೆಳಿಗ್ಗೆ ಆ ಸಾಲಿನಲ್ಲಿ ನಿಂತ ಹೆಂಗಸರನ್ನು ಕೇಳಿ, ಚಾಳಿನ ಸೊಗಸು ಹೇಳುತ್ತಾರೆ! ಉದ್ದನೆಯ ಪಡಸಾಲೆ ಎಲ್ಲರನ್ನೂ ಎಲ್ಲರ ಕಣ್ಣಿಗೆ ಬೀಳಿಸುತ್ತಿತ್ತು ನಿಜ. ಆದರೂ 1974ರ ಜನವರಿಯಲ್ಲಿ ಅದೇ ವರ್ಲಿ ಚಾಳುಗಳಲ್ಲಿ ದಲಿತ ಪ್ಯಾಂಥರ್ಸ್ ಮತ್ತು ಶಿವಸೇನೆಯವರ ನಡುವೆ ಗಲಭೆ ನಡೆಯಿತು. ಪಡಸಾಲೆ ಇದ್ದ ಮಾತ್ರಕ್ಕೆ ಜನ ಒಂದಾಗಲಿಲ್ಲ. ಈಗ ಅಲ್ಲಿಯವರಿಗೆ ಗೋಪುರಗಳಲ್ಲಿ 500 ಚದರಡಿಯ ಮನೆ. ಮನೆಯೊಳಗೇ ಸ್ವಂತ ಶೌಚಾಲಯ. ಅದನ್ನು ಬೇಡ ಅನ್ನಲು ನಾನ್ಯಾರು?

ನಮ್ಮ ಮಾತಿಗೆ ಬರೋಣ. ಹೆಸರು ಕೇಳಿದ ಕೂಡಲೇ ‘ಮನೆ ಖಾಲಿ ಇಲ್ಲ’ ಅನ್ನುವ ದಲ್ಲಾಳಿ ನಮಗೆಲ್ಲ ಪರಿಚಿತ. ಅದರ ಬಗ್ಗೆ ಬರೆದಿದ್ದೇವೆ, ಇನ್ನೂ ಬರೆಯಬೇಕು. ಆದರೆ ಹೇಗೋ ಒಂದು ಗೇಟು ದಾಟಿ ಒಳಗೆ ಬಂದ ನಮ್ಮಂಥವರು ಸೊಸೈಟಿ ಮೀಟಿಂಗಿನಲ್ಲಿ ಹಿಂದಿನ ಲಿಫ್ಟಿನ ವಿಷಯ ಎತ್ತುತ್ತೇವಾ? ನಾನು ಎತ್ತಿರಲಿಲ್ಲ. ಸಿಕ್ಕಿದ ಮನೆ ಎಲ್ಲಿ ಕೈತಪ್ಪುತ್ತದೋ ಅನ್ನುವ ಪುಕ್ಕಲು. ನಿಮ್ಮಲ್ಲಿ ಹಲವರಿಗೂ ಇದು ಹೊಸದಾಗಿರಲಾರದು.

ಹೋದ ಮಳೆಗಾಲ ಹಿಂದಿನ ಲಿಫ್ಟ್ ಕೆಟ್ಟು ಮೂರು ದಿನ ನಿಂತಿತು. ಆ ಮೂರು ದಿನ ಎಲ್ಲರೂ ಮುಂದಿನದರಲ್ಲೇ ಬಂದರು. ಆಪಾ ಒದ್ದೆ ದುಪಟ್ಟಾವನ್ನು ಕನ್ನಡಿ ನೋಡಿ ಸರಿಮಾಡಿಕೊಂಡೇ ನಮ್ಮ ಬಾಗಿಲಿಗೆ ಬಂದರು. ಯಾರಿಗೂ ಏನೂ ತೊಂದರೆಯಾಗಲಿಲ್ಲ. ನಾಲ್ಕನೇ ದಿನ ರಿಪೇರಿಯಾಯಿತು. ನಾನು ಕಾರ್ಯದರ್ಶಿಗೆ ನಾಲ್ಕು ಸಾಲಿನ ಅರ್ಜಿ ಬರೆದುಕೊಟ್ಟೆ: ಫಲಕದಲ್ಲಿ ‘ಸಾಮಾನು’ ಅಂತ ಮಾತ್ರ ಇರಲಿ, ಮನುಷ್ಯರ ಹೆಸರು ತೆಗೆಯಿರಿ. ಮುಂದಿನ ಮೀಟಿಂಗಿಗೆ ಇಡುತ್ತೇವೆ ಅಂದಿದ್ದಾರೆ.