ಡೇರಿಯಸನ ಸಮಾಧಿಯೂ ನಮ್ಮ ಗದ್ದುಗೆಯೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಹುಟ್ಟಿ ಬೆಳೆದ ನಮ್ಮ ಭಕ್ತರಿಗೆ ಗದ್ದುಗೆಯೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಲಿಂಗೈಕ್ಯರಾದ ಹಿರಿಯರ ಸನ್ನಿಧಿಯಲ್ಲಿ ವಿಭೂತಿ ಧರಿಸಿ ಅಡ್ಡಬಿದ್ದು ಬರುವುದು ಅವರಿಗೆ ಬಾಲ್ಯದ ಸಂಸ್ಕಾರ. ಅಂಥ ಓದುಗರು ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರ 'ಪಾರಸಿಕರು' (1935) ನಾಟಕವನ್ನು ಕೈಗೆತ್ತಿಕೊಂಡರೆ ಒಂದೆಡೆ ತಟ್ಟನೆ ನಿಲ್ಲುವರು. ಗ್ರೀಕ್ ಕವಿ ಏಸ್ಕಿಲಸನು ಕ್ರಿ.ಪೂ. 472ರಲ್ಲಿ ಅಥೆನ್ಸಿನಲ್ಲಿ ಆಡಿಸಿದ ನಾಟಕದ ಕನ್ನಡ ರೂಪವಿದು. ಸಲಾಮಿಸ್ ಕಡಲ ಕಾಳಗದಲ್ಲಿ ಪಾರಸಿಕರ ಪಡೆ ಹಾಳಾದ ಸುದ್ದಿ ಬಂದಾಗ ರಾಜಮಾತೆಯು ಗತಿಸಿದ ಪತಿ ಡೇರಿಯಸನ ಸಮಾಧಿಗೆ ಹಾಲು, ಜೇನು, ನೀರು, ದ್ರಾಕ್ಷಾರಸಗಳನ್ನು ಎರೆಸುತ್ತಾಳೆ. ದೊರೆಯು ಮೇಲೆದ್ದು ಬಂದು ಮಾತನಾಡುತ್ತಾನೆ.

ಇದು ನಮ್ಮ ಗದ್ದುಗೆಯೇ ಅಲ್ಲವೆ ಎನಿಸುವುದು ಸಹಜ. ನಾವೂ ವಿದ್ಯಾರ್ಥಿದೆಸೆಯಲ್ಲಿ ಹಾಗೆಯೇ ಬರೆದು ಒಳ್ಳೆಯ ಅಂಕಗಳನ್ನು ಪಡೆದಿದ್ದೆವು! ಅದು ತಪ್ಪೆಂದು ತಿಳಿಯಲು ಬಹುಕಾಲ ಹಿಡಿಯಿತು.

ಮೇಲೆದ್ದ ಡೇರಿಯಸನಿಗೆ ತನ್ನ ನಾಡಿಗೊದಗಿದ ವಿಪತ್ತು ತಿಳಿದಿಲ್ಲ, ಪತ್ನಿಯೇ ಹೇಳಬೇಕಾಗುತ್ತದೆ. ಸತ್ತವರ ಲೋಕದಿಂದ ಹೊರಬರುವುದು ಸುಲಭವಲ್ಲವೆನ್ನುತ್ತಾನೆ. ಮರಳುವಾಗ ಅವನು ಹಿರಿಯರಿಗೆ ನೀಡುವ ಬುದ್ಧಿವಾದವೇನು? ಕಷ್ಟದ ನಡುವೆಯೂ ದಿನದಿನದ ಸುಖವನ್ನು ಬಿಡಬೇಡಿರಿ, ಸತ್ತವರಿಗೆ ಸಿರಿಯಿಂದ ಪ್ರಯೋಜನವಿಲ್ಲ ಎಂದು. ಲಿಂಗದಲ್ಲಿ ಐಕ್ಯನಾದ ಶರಣನು ಆಡುವ ಮಾತೆ ಇದು? ಎಲ್ಯೂಸಿಸ್ ಕ್ಷೇತ್ರದಲ್ಲಿ ರಹಸ್ಯದೀಕ್ಷೆ ಪಡೆದವರಿಗೆ ಉತ್ತಮ ಗತಿಯ ಆಸೆಯಿದ್ದಿತೆಂಬುದು ನಿಜ. ಆದರೆ ಹೋಮರನ ಕಾವ್ಯದಲ್ಲಿಯೂ ಈ ನಾಟಕದಲ್ಲಿಯೂ ಸತ್ತವನು ಬರಿಯ ನೆರಳು. ಆ ನೆರಳಿಗೆ 'ಆತ್ಮ'ವೆಂಬ ನಮ್ಮ ಪದವನ್ನು ಹಚ್ಚಿದೊಡನೆ ಗ್ರೀಕರು ಕಂಡರಿಯದ ಒಂದು ದರ್ಶನವೇ ಒಳನುಸುಳುತ್ತದೆ.

ಸ್ವಾರಸ್ಯವೆಂದರೆ ಏಸ್ಕಿಲಸನೂ ಈ ತಪ್ಪಿಗೆ ಹೊರತಾಗಿಲ್ಲ. ನಿಜವಾದ ಡೇರಿಯಸನ ಸಮಾಧಿಯು ನಕ್ಷ್-ಇ-ರುಸ್ತಮ್ ಎಂಬಲ್ಲಿ ಬಂಡೆಯಲ್ಲಿ ಕೊರೆದುದು. ಕವಿಯು ಅದನ್ನು ಸೂಸಾ ನಗರಕ್ಕೆ ತಂದು, ತನ್ನವರ ವಿಧಿಗಳನ್ನೇ ಪಾರಸಿಕರಿಂದ ಮಾಡಿಸಿದ್ದಾನೆ.

ಅಥೆನ್ಸಿನ ಜನಸಭೆಯು ಗ್ರೀಕರ ಅನುಭವಮಂಟಪವೆಂಬ ಮಾತು ನಮ್ಮ ವೇದಿಕೆಗಳಲ್ಲಿ ಆಗಾಗ ಕೇಳಿಬರುತ್ತದೆ. ಆ ಜನರಿಗೆ ಒಡೆಯನಾರೆಂದು ರಾಜಮಾತೆಯು ಕೇಳಿದಾಗ ಒಡೆಯನೇ ಇಲ್ಲವೆಂಬ ಉತ್ತರ ದೊರೆಯುತ್ತದೆ, ಸರಿ. ಅದೇ ಸಂಭಾಷಣೆಯಲ್ಲಿ ಅವರ ಬೆಳ್ಳಿಯ ಊಟೆಯ ಪ್ರಸ್ತಾಪವೂ ಇದೆ. ಅದು ಲೌರಿಯನ್ ಗಣಿ. ಸಲಾಮಿಸಿನಲ್ಲಿ ಗೆದ್ದ ಹಡಗುಗಳನ್ನು ಕಟ್ಟಲು ಒದಗಿದುದು ಆ ಬೆಳ್ಳಿ. ಅದನ್ನು ಅಗೆದವರು ಗುಲಾಮರು. ಸಭೆಯಲ್ಲಿ ಅವರಿಗೂ ಎಡೆಯಿಲ್ಲ, ಹೆಂಗಸರಿಗೂ ಎಡೆಯಿಲ್ಲ. ನಮ್ಮ ಆಯ್ದಕ್ಕಿ ಲಕ್ಕಮ್ಮ ಅಲ್ಲಿ ಬಾಯಿ ತೆರೆಯುವಂತಿರಲಿಲ್ಲ. ಹಾಗೆಂದು ಗ್ರೀಕರನ್ನು ಹಳಿದು ಸುಮ್ಮನಾಗುವುದೂ ಸಲ್ಲದು. ಯುದ್ಧವೋ ಸಂಧಿಯೋ ಎಂಬುದನ್ನು ರೈತರೂ ಕುಂಬಾರರೂ ಕೈಯೆತ್ತಿ ನಿರ್ಣಯಿಸುತ್ತಿದ್ದ ಸಭೆಯದು. ಶರಣರ ಗೋಷ್ಠಿಯ ಕಾರ್ಯವೇ ಬೇರೆ.

ಶ್ರೀಕಂಠಯ್ಯನವರ 'ಅಶ್ವತ್ಥಾಮನ್' (1929) ಹೆಚ್ಚು ಹೆಸರಾದುದು. ಸೊಫೊಕ್ಲೀಸನ 'ಏಜಾಕ್ಸ್' ನಾಟಕಕ್ಕೆ ಭಾರತದ ಉಡುಪು ತೊಡಿಸಿದ ಕೃತಿಯದು. ಚಿರಂಜೀವಿಯನ್ನು ಸಾಯಿಸಿದರೆಂದು ಆಕ್ಷೇಪಿಸಿದವರುಂಟು. ನಮ್ಮ ತಕರಾರು ಅದಲ್ಲ. ಕವಿಗೆ ಆ ಅಧಿಕಾರವಿದೆ. ವ್ಯಾಸಭಾರತದಲ್ಲಿ ಅಶ್ವತ್ಥಾಮನಿಗೆ ಒದಗಿದ ಶಿಕ್ಷೆ ಮೂರು ಸಾವಿರ ವರ್ಷ ಸಾಯದೆ ಅಲೆಯುವುದು. ಏಜಾಕ್ಸನಾದರೋ ಮಾನ ಹೋದ ಮೇಲೆ ಬದುಕಲೊಲ್ಲ. ಶತ್ರುಗಳೆಂದು ಭ್ರಮಿಸಿ ದನಕುರಿಗಳನ್ನು ಕಡಿದು ನಗೆಗೀಡಾದೆನೆಂಬುದೇ ಅವನ ಸಂಕಟ. ಭಾರತದ ಹೆಸರು ಕೇಳಿದೊಡನೆ ನಮ್ಮ ಓದುಗನು ಮಾನಭಂಗವನ್ನು ಮರೆತು ಪಾಪವನ್ನು ಹುಡುಕತೊಡಗುತ್ತಾನೆ. ಆದುದರಿಂದ, ಕಾವ್ಯಶಕ್ತಿಯಲ್ಲಿ 'ಅಶ್ವತ್ಥಾಮನ್' ಮೇಲೆನಿಸಿದರೂ, ಗ್ರೀಕರನ್ನು ಅರಿಯಲು 'ಪಾರಸಿಕರು' ನಾಟಕವನ್ನೇ ಮೊದಲು ಓದಿರೆಂದು ಹೇಳುತ್ತೇವೆ.

ಅದರ ಕೊನೆಯಲ್ಲಿ ಸೋತ ಜರ್ಕ್ಸಿಸನು ಹರಿದ ಬಟ್ಟೆಯಲ್ಲಿ ಬಂದು ಗೋಳಿಡುತ್ತಾನೆ. ನಾಟಕ ನಡೆದುದು ಡಯೋನಿಸಸ್ ದೇವರ ಹಬ್ಬದಲ್ಲಿ, ಅಕ್ರೊಪೊಲಿಸ್ ಬೆಟ್ಟದ ತಪ್ಪಲಲ್ಲಿ. ಎಂಟು ವರ್ಷದ ಹಿಂದೆ ಇದೇ ಜರ್ಕ್ಸಿಸನ ಪಡೆ ಸುಟ್ಟ ದೇಗುಲಗಳು ಬೆಟ್ಟದ ಮೇಲೆ ಇನ್ನೂ ಪಾಳುಬಿದ್ದಿದ್ದವು. ಅವುಗಳ ಕೆಳಗೆ ಕುಳಿತು ಅಥೆನ್ಸಿನವರು ಶತ್ರುವಿನ ರೋದನವನ್ನು ಕೊನೆಯವರೆಗೆ ಕೇಳಿದರು. ಆ ವರ್ಷದ ಪ್ರಥಮ ಬಹುಮಾನವನ್ನು ಏಸ್ಕಿಲಸನಿಗೇ ಕೊಟ್ಟರು.